ಕಾರ್ಕಳ ಎಂದು ಬರೆಯಲಾಗದ ಕೀಬೋರ್ಡ್

ಯಾರು ಬೇಕಾದರೂ ಕೈಜೋಡಿಸಬಹುದಾದ ಒಂದು ಕನ್ನಡ ಕೀಬೋರ್ಡ್ ಯೋಜನೆಗೆ ಮಣಿಪಾಲದ ನಮ್ಮ ಕಂಪನಿಯೂ ಕೋಡ್ ಬರೆಯುತ್ತದೆ. ಯಾರ ಕೋಡ್ ಆದರೂ ಇನ್ನೊಬ್ಬರು ಓದಿ, ಎಲ್ಲರಿಗೂ ಕಾಣುವಂತೆ ಅಭಿಪ್ರಾಯ ಬರೆದು ಒಪ್ಪಬೇಕು ಎಂಬುದು ಅಲ್ಲಿನ ನಿಯಮ.

ಕಾರ್ಕಳದ ಶಿಕ್ಷಕಿ ಲೀನಾ, ಒತ್ತಕ್ಷರ ಸರಿಯಾಗಿ ಮೂಡುತ್ತದೆಯೇ ಎಂದು ಪರೀಕ್ಷಿಸುವ ನಾಲ್ಕು ಸಾಲು ಕೋಡ್ ಕಳುಹಿಸಿದ್ದರು. ನಾನು ಅದಕ್ಕೆ ಹನ್ನೊಂದು ತಕರಾರು ಬರೆದು ತಡೆಹಿಡಿದೆ. ಪಕ್ಕದ ಮೇಜಿನ ನಂದನನ ಮುನ್ನೂರು ಸಾಲನ್ನು ಮಾತ್ರ ಒಂದೇ ನಿಮಿಷದಲ್ಲಿ ಒಪ್ಪಿದೆ. ಕ್ಯಾಂಟೀನಿನಲ್ಲಿ ಗೋಳಿಬಜೆ ತಿನ್ನುತ್ತಾ ಅವನು ತುಳುವಿನಲ್ಲಿ ಎಲ್ಲ ವಿವರಿಸಿದ್ದ, ಅಷ್ಟು ಸಾಕೆನಿಸಿತ್ತು.

ಆ ಮುನ್ನೂರು ಸಾಲು ಸೇರಿದ ಹೊಸ ಆವೃತ್ತಿ ಹೊರಬಂದ ಮರುದಿನ ಲೀನಾ ಎಲ್ಲರೆದುರು ಬರೆದರು: "ಈಗ ಅರ್ಕಾವತ್ತು ಮೂಡುವುದಿಲ್ಲ. ನನ್ನ ಊರು 'ಕಾಕಳ' ಆಗಿದೆ. ಇದನ್ನು ಹಳೆಯ ಕೀಬೋರ್ಡಿನಿಂದ ಬರೆಯುತ್ತಿದ್ದೇನೆ. ಓದಿ ಒಪ್ಪಿದವರು ಯಾರು ಸರ್?"

ಒಪ್ಪಿದವನ ಹೆಸರು ಅಲ್ಲೇ ಮೇಲೆ ಇತ್ತು. ನನ್ನದು.

"ಎಂತ ಹೆದರುವುದು ಮಾರಾಯ? ಆಫೀಸಿನಲ್ಲಿ ಇಬ್ಬರೂ ಕೂತು ಓದಿದ್ದೇವೆ ಅಂತ ಬರೆ. ಯಾರು ನೋಡಿದ್ದಾರೆ?" ಎಂದ ನಂದನ.

"ಗೋಳಿಬಜೆ ನೋಡಿದೆಯಲ್ಲ," ಎಂದೆ.

ಅವನು ನಕ್ಕ. ನನಗೆ ನಗು ಬರಲಿಲ್ಲ. ಅವನು ಹೇಳಿದ್ದನ್ನೇ ಬರೆದೆ, ನಂತರ ಅಳಿಸಿದೆ. "ಓದದೆ ಒಪ್ಪಿದೆ. ತಪ್ಪು ನನ್ನದು," ಎಂದು ಬರೆದು ಕಳುಹಿಸಿದೆ.

ಅರ್ಧ ಗಂಟೆಯ ನಂತರ ಲೀನಾ ಅದೇ ನಾಲ್ಕು ಸಾಲನ್ನು ಮತ್ತೆ ಕಳುಹಿಸಿದರು. ಅವು ಇದ್ದಿದ್ದರೆ ಈ ತಪ್ಪು ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಜೊತೆಗೆ ಒಂದೇ ವಾಕ್ಯವಿತ್ತು: "ಇದನ್ನೂ ಓದಿಯೇ ಒಪ್ಪಿ ಸರ್."