ಮಹಾಲಕ್ಷ್ಮಮ್ಮನ ಅರ್ಜಿಗೆ ಬಂದ ಉತ್ತರ

ದೊಡ್ಡಮಾದಮ್ಮ ಅರಿಸಿನದ ಬಟ್ಟಲಿಗೆ ಬೆರಳು ಅದ್ದಿ ಇನ್ನೇನು ಮಹಾಲಕ್ಷ್ಮಮ್ಮನ ಕೆನ್ನೆಗೆ ಹಚ್ಚಬೇಕು, ಅಷ್ಟರಲ್ಲಿ ಬಾಗಿಲ ಹೊರಗಿಂದ ಮರಿಯಯ್ಯನ ದನಿ ಕೇಳಿತು.

“ಅರ್ಸ್ಣ ಮುಟ್ಟಬ್ಯಾಡ ಕಣಮ್ಮಿ. ಕೆಳಗಿಡು.”

ಮಾದಮ್ಮನ ಕೈ ಅಲ್ಲೇ ನಿಂತಿತು. ಈಗಷ್ಟೇ ಬಿಸಿನೀರು ಹುಯ್ದು ಮೀಯಿಸಿ, ಮಹಾಲಕ್ಷ್ಮಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಐವತ್ತೆಂಟು ವರ್ಷದ ಗಟ್ಟಿ ಜೀವ. ನಿನ್ನೆ ಸಂಜೆ ಹೊಲದಲ್ಲಿ ಚೆಂಡುಹೂ ಬಿಡಿಸಿ ಬಂದು, ಎದೆ ಹಿಡಿದಂಗಾಯ್ತದ ಅಂದವಳು, ಪಕ್ಕದ ಮನೆಯ ಮಾದಮ್ಮ ಕಾಫಿ ಕಾಯಿಸಿ ತರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

“ಯಾಕ್ ಮರಿಯಣ್ಣ, ಮುತ್ತೈದೆಗ ಅರ್ಸ್ಣ ಅಚ್ದೆ ಇನ್ನೇನ್ ಅಚ್ಚನ?”

“ಮುತ್ತೈದೆ ಅಂತ ಏಳ್ದೋರ್ ಯಾರು? ಓದ್ ವರ್ಸ ಗುಂಡ್ಲುಪ್ಯಾಟ ತಾಲೂಕ್ ಆಪೀಸ್ಲಿ ವಿಧವಾ ವೇತನದ ಅರ್ಜಿಗ ಎಬ್ಬೆಟ್ ಒತ್ಲಿಲ್ವಾ? ನಾನೇ ಪಕ್ಕದಲ್ಲಿ ನಿಂತಿದ್ದಿ. ಗಂಡ ಸತ್ತ ಅಂತ ತಾನೇ ಒಪ್ಕಂಡವ್ಳ್ಗ ಈಗ ಕುಂಕ್ಮ ಇಟ್ಟು ಕಳ್ಸುದ್ರ ಜನ ಏನಂದಾರು?”

ಮರಿಯಯ್ಯ ಸತ್ತವಳ ಭಾವ, ಗಂಡನ ಅಣ್ಣ. ಮನೆಗೆ ಹಿರಿಯ. ಅವನ ತಮ್ಮ ಸಿದ್ದಯ್ಯ ಇಪ್ಪತ್ತನಾಲ್ಕು ವರ್ಷದ ಕೆಳಗೆ ಬತ್ತೇರಿ ಕಡೆ ಶುಂಠಿ ಕೆಲಸಕ್ಕೆ ಅಂತ ಕೇರಳದ ಬಸ್ಸು ಹತ್ತಿದವನು ಮತ್ತೆ ಬರಲಿಲ್ಲ. ಸತ್ತ ಸುದ್ದಿಯೂ ಇಲ್ಲ, ಬದುಕಿದ ಸುದ್ದಿಯೂ ಇಲ್ಲ. ಮಹಾಲಕ್ಷ್ಮಮ್ಮ ಮಾತ್ರ ಕುಂಕುಮ ಇಡುವುದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಅವಳ ಸ್ವಭಾವವೇ ಹಾಗೆ, ಹಿಡಿದದ್ದನ್ನು ಬಿಡುವವಳಲ್ಲ.

ಮೂಲೆಯಲ್ಲಿ ತವರಿನ ಹಸಿರು ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ ರೂಪಶ್ರೀ ತಲೆ ಎತ್ತಲಿಲ್ಲ. ಸತ್ತವಳು ಅವಳಿಗೆ ಸೋದರತ್ತೆ. ಅಪ್ಪ ಇಲ್ಲದ್ದರಿಂದ ತವರಿನ ಸೀರೆ ಅವಳೇ ತಂದಿದ್ದಳು. ಆ ಹಾಳು ಅರ್ಜಿ ಹಾಕಿಸಿದವಳೂ ಅವಳೇ.

*

“ವೃದ್ಧಾಪ್ಯ ವೇತನಕ್ಕೆ ಅರವತ್ತಾಗಬೇಕು, ಇನ್ನೂ ಎರಡು ಮೂರು ವರ್ಷ ಐತೆ ಅತ್ತೆ. ಅಲ್ಲೀಗಂಟ ಹೂ ಬಿಡಿಸ್ಕೊಂಡೇ ಇರ್ತೀಯಾ? ವಿಧವಾ ವೇತನ ಆದ್ರೆ ತಿಂಗಳು ತಿಂಗಳು ಬರುತ್ತೆ,” ಅಂದಿದ್ದಳು ರೂಪಶ್ರೀ. ಅವಳು ಚಾಮರಾಜನಗರದ ಕ್ಲಿನಿಕ್ಕೊಂದರಲ್ಲಿ ನರ್ಸು. ಗಂಡನ ಮರಣಪತ್ರ ಇಲ್ಲದಿದ್ದರೂ ಹಾಕಿ ನೋಡಿ, ಗ್ರಾಮಲೆಕ್ಕಿಗ ವಿಎ ಮನೆಗೆ ಬಂದು ವಿಚಾರಿಸಿ ಬರೀತಾರೆ ಎಂದು ಫಾರಂ ತುಂಬುವವನು ಧೈರ್ಯ ಕೊಟ್ಟಿದ್ದ.

“ಮಾವ ಬರ್ತಾರೆ ಅಂತ ನಿನಗಿನ್ನೂ ಆಸೆನಾ?”

“ಆಸ ಅಂತಲ್ಲ ಕಣ್ ಮಗ. ಬಂದ್ಬುಟ್ರ ಏನ್ ಮಾಡದು ಅಂತ.”

ಕೊನೆಗೆ ಒಪ್ಪಿದಳು. ರೂಪಶ್ರೀಯ ಮಾತಿಗೆ ಅವಳು ಯಾವತ್ತೂ ಇಲ್ಲ ಅಂದವಳಲ್ಲ. ಹೆಬ್ಬೆಟ್ಟು ಒತ್ತಿ ವಾಪಸ್ ಬರುವಾಗ ಬಸ್ಸಿನಲ್ಲಿ ಮೆಲ್ಲಗೆ ಕೇಳಿದಳು, “ಕುಂಕ್ಮ ಒರ್ಸ್ಕಬೇಕಾ ಈಗ?”

“ಅಯ್ಯೋ, ಅದೆಲ್ಲ ಏನೂ ಬೇಡ. ಬರೀ ಕಾಗದದಲ್ಲಿ ಅಷ್ಟೇ.”

“ಅಂಗಾರ ಸರಿ ಬುಡು,” ಅಂದು ಕಿಟಕಿ ಕಡೆ ತಿರುಗಿದ್ದಳು. ಮನೆ ಬರುವವರೆಗೂ ಮಾತಾಡಿರಲಿಲ್ಲ. ರೂಪಶ್ರೀ ಅದನ್ನು ದಣಿವು ಅಂದುಕೊಂಡಳು.

ಆ ಅರ್ಜಿಯನ್ನು ನಂಬಿ ಮರಿಯಯ್ಯ ಆ ವರ್ಷ ಪಿತೃಪಕ್ಷದಲ್ಲಿ ತಮ್ಮನಿಗೆ ಎಡೆ ಇಟ್ಟ. ಮೊದಲ ಮೂರು ವರ್ಷ ಬತ್ತೇರಿ, ಕಲ್ಪೆಟ್ಟ ಎಂದು ಶುಂಠಿ ಹೊಲ ಹೊಲ ಸುತ್ತಿ ತಮ್ಮನನ್ನು ಹುಡುಕಿದವನು ಅವನೇ. ಹೆಂಡತಿಯೇ ಒಪ್ಪಿದ ಮೇಲೆ ಇನ್ನೇನು ಎಂದು ಸತ್ತವರ ಸಾಲಿನಲ್ಲಿ ಸಿದ್ದಯ್ಯನಿಗೂ ಒಂದು ಎಲೆ ಹಾಕಿ, ಪಂಚೆ, ಬೀಡಿ ಕಟ್ಟು ಇಟ್ಟು ಕೈ ಮುಗಿದಿದ್ದ. ಮಹಾಲಕ್ಷ್ಮಮ್ಮ ಜ್ವರ ಅಂತ ಆ ದಿನ ಹೊರಗೇ ಬರಲಿಲ್ಲ.

*

“ಅರ್ಜಿ ಹಾಕುದ್ರ ಆಗೋಯ್ತಾ?” ಮಾದಮ್ಮ ಬಟ್ಟಲು ಕೆಳಗಿಡಲೇ ಇಲ್ಲ. “ಇನ್ನೂ ಬಂದಿಲ್ಲ, ಇನ್ನೂ ಬಂದಿಲ್ಲ ಅಂತಿದ್ಲು. ಮಂಜೂರೇ ಆಗ್ದಿದ್ ಮ್ಯಾಕ ವಿಧವೆ ಎಂಗಾದ್ಲು?”

ಮರಿಯಯ್ಯ ಒಂದು ಗಳಿಗೆ ಯೋಚಿಸಿದ. ಹಟಮಾರಿ ನಿಜ, ಆದರೆ ಕೆಟ್ಟವನಲ್ಲ.

“ನೋಡ್ಲಿ ಮತ್ತ. ಪೋನಲ್ಲಿ ಕಾಣ್ತದಲ್ಲ. ಮಂಜೂರಾಗಿದ್ರ ಸರ್ಕಾರವೇ ಬರ್ದಂಗಾಯ್ತು, ನಾನೇಳ್ದಂಗ ಆಗ್ಬೇಕು. ಆಗ್ದಿದ್ರ ನಿಮ್ಮಿಷ್ಟ. ಕೂಸೇ ರೂಪ, ನೋಡವ್ವ.”

ಮೊದಮೊದಲು ರೂಪಶ್ರೀ ಎರಡು ಸಲ ನೋಡಿದ್ದಳು. ಎರಡು ಸಲವೂ ‘ಪರಿಶೀಲನೆಯಲ್ಲಿದೆ’ ಎಂದೇ ಇತ್ತು. ಆಮೇಲೆ ಅತ್ತೆಯೇ “ಬರೋದು ಬತ್ತದ ಬುಡು, ನೀ ಯಾಕ್ ತಲೆ ಕೆಡಿಸ್ಕತೀಯ” ಅಂದಿದ್ದರಿಂದ ಸುಮ್ಮನಾಗಿದ್ದಳು. ಈಗ ಎದ್ದು, ಬೇಳೆಡಬ್ಬಿಯ ಹಿಂದಿದ್ದ ಆಧಾರ್ ಕಾರ್ಡು ತೆಗೆದುಕೊಂಡು ಹಿತ್ತಿಲಿಗೆ ಹೋದಳು. ಊರಿನಲ್ಲಿ ನೆಟ್‌ವರ್ಕು ಸಿಗುವುದು ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ನಿಂತರೆ ಮಾತ್ರ. ಅದೂ ಎಷ್ಟೋ ಸಲ ಕೇರಳದ ಟವರನ್ನೇ ಹಿಡಿದು, ಕೇರಳಕ್ಕೆ ಸ್ವಾಗತ ಎಂದು ಮೆಸೇಜು ಕಳಿಸುತ್ತಿತ್ತು.

ಕಾರ್ಡಿನ ಫೋಟೋದಲ್ಲಿ ಅತ್ತೆ ಕಣ್ಣು ಅಗಲಿಸಿಕೊಂಡು ಕೂತಿದ್ದಳು, ಹಣೆಯಲ್ಲಿ ಕಾಸಗಲ ಕುಂಕುಮ. ರೂಪಶ್ರೀ ಹನ್ನೆರಡು ಅಂಕಿಗಳನ್ನು ಒಂದೊಂದಾಗಿ ಒತ್ತಿದಳು. ಎರಡು ಸಲ ತಪ್ಪಾಗಿ ಮತ್ತೆ ಮೊದಲಿಂದ ಒತ್ತಿದಳು. ಇಷ್ಟು ದಿನ ಮಂಜೂರಾಗಲಪ್ಪಾ ಎಂದು ಮಾದಪ್ಪನಿಗೆ ಹರಕೆ ಹೊತ್ತವಳು ಈಗ ಆಗದೆ ಇರಲಪ್ಪಾ ಎಂದು ಅವನನ್ನೇ ಬೇಡಿದಳು. ಅತ್ತೆಯ ಕುಂಕುಮವನ್ನು ನನ್ನ ಕೈಯಾರೆ ಒರೆಸಿಬಿಟ್ಟೆನಲ್ಲ ಎಂದುಕೊಂಡಳು.

ಪರದೆ ತೆರೆಯಿತು. ಓದಿದಳು. ಕಲ್ಲಿನಿಂದ ಇಳಿದು, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದಳು.

“ಏನವ್ವ? ಮಂಜೂರಾಯ್ತಾ?” ಮರಿಯಯ್ಯ ಕೇಳಿದ.

“ಅರ್ಜಿ ತಿರಸ್ಕೃತ ಅಂತೈತೆ ದೊಡ್ಡಮಾವ. ಹತ್ತು ತಿಂಗಳ ಹಿಂದೇನೆ. ಕಾರಣಾನೂ ಬರ್ದವ್ರೆ.” ಸೆರಗಿನಿಂದ ಮೂಗು ಒರೆಸಿಕೊಂಡು ಓದಿದಳು: “‘ಸ್ಥಳ ಪರಿಶೀಲನೆಯ ಸಮಯದಲ್ಲಿ ಅರ್ಜಿದಾರರು ತಮ್ಮ ಪತಿ ಬದುಕಿರುವುದಾಗಿ ಹೇಳಿಕೆ ನೀಡಿರುತ್ತಾರೆ.’”



“ಇನ್ನೊಂದ್ ಕಿತ ಓದು,” ಅಂದ ಮರಿಯಯ್ಯ.

ಓದಿದಳು.

*

ಪರಿಶೀಲನೆಗೆಂದು ಅಂದು ಬೈಕಿನಲ್ಲಿ ಬಂದಿದ್ದ ವಿಎ ಇನ್ನೂ ಮೀಸೆ ಚಿಗುರುವ ವಯಸ್ಸಿನವನು. ಮಹಾಲಕ್ಷ್ಮಮ್ಮ ಅವನಿಗೆ ಜಗಲಿ ಗುಡಿಸಿ ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟಳು.

“ಯಜಮಾನ್ರು ಯಾವಾಗ ತೀರ್ಕೊಂಡ್ರಮ್ಮ?”

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು.

“ಅಂದಾಜಲ್ಲಿ ಒಂದು ತಾರೀಕು ಹೇಳಿ ಸಾಕು. ಬರ್ಕೊಂಡು ಹೋಗ್ತೀನಿ.”

“ಯಾವ್ ದಿನ ಅಂತ ಏಳ್ಲಪ್ಪ? ನಾ ಏಳಿದ್ ದಿನವೇ ಅವ್ರು ಸತ್ತಂಗಾಯ್ತದಲ್ಲ.”

ಹುಡುಗ ಪೆನ್ನು ಹಿಡಿದುಕೊಂಡೇ ಅವಳ ಮುಖ ನೋಡಿದ.

“ಬದುಕವ್ರ ಅಂತ ಬರ್ಕ.”

“ಹಂಗೆ ಬರೆದ್ರೆ ದುಡ್ಡು ಬರಲ್ಲಮ್ಮ.”

“ಬ್ಯಾಡ ಬುಡು. ಎಬ್ಬೆಟ್ ಒತ್ತಿದ್ ದಿನದಿಂದ ನಂಗ ಅನ್ನ ಇಳಿತಿಲ್ಲ ಕಣಪ್ಪ.” ಲೋಟ ಈಸಿಕೊಳ್ಳುತ್ತಾ ದನಿ ತಗ್ಗಿಸಿದಳು. “ನಮ್ ಕೂಸ್ಗ ಮಾತ್ರ ಏಳ್ಬ್ಯಾಡ. ಕೆಲ್ಸುಕ್ ರಜ ಆಕಿ ಓಡಾಡ್ತು, ಪಾಪ. ಬೇಜಾರ್ ಮಾಡ್ಕತದ.”

*

ಮರಿಯಯ್ಯ ಹೊಸ್ತಿಲ ಮೇಲೇ ಕುಸಿದು ಕೂತ. ಎಪ್ಪತ್ತು ದಾಟಿದ ಮುದುಕ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಎಳೆಮಕ್ಕಳ ಹಾಗೆ ಬಿಕ್ಕಿದ.

“ಬದುಕವ್ನ ಅಂದ್ಲಾ? ನಾನು ಎಡ ಇಟ್ಬುಟ್ಟೆನಲ್ಲವ್ವ ನನ್ ತಮ್ಮುನ್ಗ. ಒಂದ್ ಮಾತು ಅಂದ್ಲಿಲ್ವಲ್ಲ ನಂಗ ಇವ್ಳು!”

ಯಾರೂ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಅತ್ತು ಮುಗಿಸಿ ಅವನೇ ಎದ್ದ.

“ಏನ್ ನೋಡ್ತಿದ್ದಯಮ್ಮಿ ಮಾದಮ್ಮ? ಅಚ್ಚು ಅರ್ಸ್ಣವ. ಕೆನ್ನ ತುಂಬ ಅಚ್ಚು. ಅಸ್ರು ಬಳ ತರ್ಸಿ ಯಾರಾರ. ಸರ್ಕಾರವೇ ಬರ್ದದ, ಯಾವನ್ ಮಾತಾಡನು ನೋಡನ.”

ಹೆಂಗಸರು ಒಮ್ಮೆಲೇ ಎದ್ದರು. ಹಸಿರು ಸೀರೆ ಉಡಿಸಿದರು, ಬಳೆ ತೊಡಿಸಿದರು, ತುರುಬಿಗೆ ಮಲ್ಲಿಗೆ ಮುಡಿಸಿದರು. ಕುಂಕುಮ ಇಟ್ಟವಳು ರೂಪಶ್ರೀ. “ನಂಗ್ಯಾಕ್ ಹೇಳ್ಲಿಲ್ಲ ಅತ್ತೆ, ಬೈತಿದ್ನಾ ನಾನು?” ಎಂದು ಅಳುತ್ತಲೇ, ಕಾರ್ಡಿನಲ್ಲಿ ಇದ್ದದ್ದಕ್ಕಿಂತ ದೊಡ್ಡದಾಗಿ ಇಟ್ಟಳು. ಮಹಾಲಕ್ಷ್ಮಮ್ಮ ಮದುವೆ ಮನೆಗೆ ಹೊರಟವಳಂತೆ ಕಾಣುತ್ತಿದ್ದಳು.

ಮನೆಯವರ ಹೊಲ ಕೇರಳದ ರಸ್ತೆಗೆ ಅಂಟಿಕೊಂಡೇ ಇತ್ತು. ಅಲ್ಲಿ, ಬೇಲಿಯ ಪಕ್ಕ ಗುಂಡಿ ತೋಡಿದ್ದರು. ಇಳಿಸಿದ್ದಾಯಿತು. ಮುತ್ತೈದೆಗೆ ಮೊದಲ ಹಿಡಿ ಮಣ್ಣು ಗಂಡನದು. ಆಮೇಲೆ ಉಳಿದವರದು. ಎಲ್ಲರೂ ಒಂದೊಂದು ಹಿಡಿ ಎತ್ತಿಕೊಂಡು ಸುತ್ತ ನಿಂತರು.

“ಆಕು ಮರಿಯಣ್ಣ. ತಮ್ಮನ್ ಬದ್ಲು ನೀನೇ ಅಲ್ವಾ?” ಅಂದ ಗುಂಡಿ ತೋಡಿದ ನಾಗಯ್ಯ.

ಮರಿಯಯ್ಯ ಮಣ್ಣು ಹಿಡಿದು ಬಗ್ಗಿದ. ಕೈ ಚಾಚಿದ. ಬೆರಳು ಬಿಡಿಸಲಿಲ್ಲ. ಹಾಗೆಯೇ ನೆಟ್ಟಗಾದ.

“ತಡೀರ್ಲಾ.”

“ಯಾಕಣ್ಣ?”

“ಬದುಕವ್ನ ಅಂತ ಅವ್ಳೇ ಏಳವ್ಳಲ್ಲ. ಗಂಡ ಇರೋಳ್ನ ಗಂಡನ್ಗ ಕಾಯ್ದೆ ಎಂಗ್ಲಾ ಮುಚ್ಚದು? ಒಂದ್ ಗಳ್ಗ ನೋಡನ.”

ಯಾರೂ ನಗಲಿಲ್ಲ. ಹೊತ್ತಾಯ್ತು ಎಂದು ಯಾರೂ ಅನ್ನಲೂ ಇಲ್ಲ. ಬಿಸಿಲು ಚುರುಗುಟ್ಟುತ್ತಿತ್ತು. ಒಂದು ಲಾರಿ ಹೋಯಿತು, ಎರಡು ಕಾರು ಹೋದವು. ಆಮೇಲೆ ಬತ್ತೇರಿಯಿಂದ ಬರುವ ಬಸ್ಸು ತಿರುವಿನಲ್ಲಿ ಕಾಣಿಸಿತು. ಹಿಡಿ ಮಣ್ಣು ಹಿಡಿದವರೆಲ್ಲ, ನಾಗಯ್ಯನೂ ಸೇರಿ, ಅದರ ಕಡೆ ತಿರುಗಿ ನಿಂತರು.