ಮರುಭೂಮಿಗೆ ಹೊರಟ ಬಾವಿನೀರು

ಓಡಿಹೋಗಿ ಮದುವೆಯಾಗುವುದೆಂದು ದೀಪಾಲಿ ಮತ್ತು ಬೊಮ್ಮು ತೀರ್ಮಾನಿಸಿದ ಮೇಲೆ, ನಿಜಕ್ಕೂ ಹೊರಡುವಷ್ಟರಲ್ಲಿ ಒಂದು ಮಳೆಗಾಲ ಪೂರ್ತಿ ಕಳೆದು ಚಳಿಗಾಲ ಬಂದಿತ್ತು. ತಡವಾದದ್ದು ಹೆದರಿಕೆಯಿಂದಲ್ಲ. ಓಡಿಹೋಗುವುದಾದರೂ ಎಲ್ಲೂ ಕಸ ಬಿಡದೆ ಓಡಿಹೋಗಬೇಕು ಎಂದು ದೀಪಾಲಿ ಹೇಳಿದ್ದಳು.

ಅವಳು ಕಾರವಾರದಲ್ಲಿ ಒಣಕಸ ವಿಂಗಡಿಸುವ ಶೆಡ್ಡಿನ ಮೇಲ್ವಿಚಾರಕಿ. ಲಗ್ನದ ಹಂಗಾಮು ಬಂತೆಂದರೆ ಊರಿನ ಸಂತೋಷವೆಲ್ಲ ಮರುದಿನ ಬೆಳಿಗ್ಗೆ ಗಾಡಿಯಲ್ಲಿ ಅವಳ ಮುಂದೆ ಬಂದು ಬೀಳುತ್ತಿತ್ತು: ಅರ್ಧ ಕುಡಿದ ನೀರಿನ ಬಾಟಲಿಗಳು, ಥರ್ಮಾಕೋಲಿನ ಹಂಸಗಳು, ವಧೂವರರ ಹೆಸರು ಬರೆದ ಫ್ಲೆಕ್ಸುಗಳು. ಕೆಲವು ಹೆಸರುಗಳು ಅವಳ ಗೆಳತಿಯರವು. ಶೆಡ್ಡಿನಲ್ಲಿ ಕಸ ಒತ್ತುವ ಯಂತ್ರದ ಮೋಟಾರು ಕೆಟ್ಟಾಗ ರಿಪೇರಿಗೆ ಬಂದವನು ಬೊಮ್ಮು. ಅವರ್ಸಾದ ಒಕ್ಕಲು ಮನೆಯ ಹುಡುಗ. ಕಾರವಾರದ ಅಂಗಡಿಯೊಂದರಲ್ಲಿ ಕೆಲಸ. ಆ ಮೋಟಾರು ವರ್ಷದಲ್ಲಿ ಅನೇಕ ಸಲ ಕೆಟ್ಟಿತು. ಕೊನೆಕೊನೆಗೆ ಅದು ಕೆಡದಿದ್ದರೂ ಅವನು ಬರುತ್ತಿದ್ದ.

ದೀಪಾಲಿಯ ತಂದೆ ಮಧುಕರ, ಬಂದರಿನ ಕಚೇರಿಯಿಂದ ನಿವೃತ್ತರಾದವರು. ಶಿರವಾಡದ ಮನೆಯಲ್ಲಿ ಒಂದು ದಿನ ಊಟದ ಹೊತ್ತಿಗೆ ಅವಳು ಬೊಮ್ಮುವಿನ ಹೆಸರು ಎತ್ತಿದಳು. ಅವರು ಬೈಯಲಿಲ್ಲ. "ಅವರ ರೀತಿ ಬೇರೆ, ನಮ್ಮ ರೀತಿ ಬೇರೆ" ಎಂದು ಹೇಳಿ ಇನ್ನೊಂದು ಸೌಟು ಸಾರು ಬಡಿಸಿಕೊಂಡರು. ತಾಯಿ ಹೀರಾ ತಾಟಿನಿಂದ ತಲೆಯನ್ನೇ ಎತ್ತಲಿಲ್ಲ. ಆ ವಿಷಯ ಅಲ್ಲಿಗೆ ಮುಗಿಯಿತು ಎಂದು ತಂದೆತಾಯಿ ಇಬ್ಬರೂ ತಿಳಿದರು.

"ಹಂಗಾದ್ರೆ ಎಲ್ಲಿಗೆ ಹೋಗೂದು?" ಎಂದು ಬೊಮ್ಮು ಕೇಳಿದ. ಅವನ ಮಟ್ಟಿಗೆ ಗೋಕರ್ಣ ಸಾಕಾಗಿತ್ತು.

"ಗೋಕರ್ಣದಲ್ಲಿ ನಮ್ಮ ಮಾವ ಇದ್ದಾರೆ. ದಾಂಡೇಲಿಯಲ್ಲಿ ಇನ್ನೊಬ್ಬ ಮಾವ. ಗೋವಾದಲ್ಲಿ ಯಾವ ಬೀಚಿಗೆ ಹೋದ್ರೂ ಆಯಿಯ ಕಡೆಯವರು ಯಾರಾದ್ರೂ ಸಿಗ್ತಾರೆ. ಮರುಭೂಮಿಗೆ ಹೋಗುವ. ಅಲ್ಲಿ ನಮ್ಮ ಮಾವಂದಿರು ಯಾರೂ ಇಲ್ಲ."

ಬೊಮ್ಮು ಒಪ್ಪಿದ. ಮರುಭೂಮಿಯನ್ನು ಅವನು ನೋಡಿರಲಿಲ್ಲ, ಬೇಡವೆನ್ನಲು ಕಾರಣವೂ ಇರಲಿಲ್ಲ.

ಮಳೆಗಾಲವಿಡೀ ದೀಪಾಲಿ ಓದಿದಳು. ವಿಮಾನ ಬೇಡ, ರೈಲು ಸಾಕು. ಅದರಲ್ಲೂ ಏಸಿ ಬೋಗಿ ಬೇಡ. ಹೊಸ ಸೀರೆ ಬೇಡ. ಹೂವಿನ ಹಾರ ಬೇಡ. ಅಲ್ಲಿಗೆ ಹೂವು ಬರುವುದೇ ದೂರದ ಊರಿನಿಂದ, ಲಾರಿಯಲ್ಲಿ. ಮರಳಿನ ಮೇಲೆ ಜೀಪು ಓಡಿಸಿದರೆ ಕೆಳಗಿರುವ ಹುಳುಹುಪ್ಪಟೆ ಸಾಯುತ್ತವೆ, ಆದ್ದರಿಂದ ನಡೆಯುವುದು. ತಿಂದ ಬಾಳೆಹಣ್ಣಿನ ಸಿಪ್ಪೆ ಅಲ್ಲಿಯ ಒಣಹವೆಯಲ್ಲಿ ಬೇಗ ಕೊಳೆಯುವುದಿಲ್ಲ, ಆದ್ದರಿಂದ ವಾಪಸ್ ತರುವುದು.

"ಸಿಪ್ಪೆಯನ್ನ ಅವರ್ಸಾಕ್ಕೆ ತರೂದಾ?" ಎಂದು ಬೊಮ್ಮು ಕೇಳಿದ.

"ಹೌದು."

ಅವನು ಸ್ವಲ್ಪ ಯೋಚಿಸಿ, "ಬಾಳೆಹಣ್ಣು ತಿನ್ನೂದೇ ಬ್ಯಾಡ" ಎಂದ. ಅದೂ ಸರಿಯೆನಿಸಿತು ಅವಳಿಗೆ.

ಎಲ್ಲ ಗೊತ್ತಾದ ಮೇಲೆ ದೀಪಾಲಿ ರಾಜಸ್ಥಾನದ ಹಳ್ಳಿಯೊಂದರ ಹೋಂಸ್ಟೇಗೆ ಫೋನ್ ಮಾಡಿದಳು. ಎತ್ತಿದವಳು ಮನೆಯೊಡತಿ. ಹಿಂದಿಯಲ್ಲಿ ಮಾತಾಯಿತು. ಪ್ಲಾಸ್ಟಿಕ್ ತರುವುದಿಲ್ಲ, ಗದ್ದಲ ಮಾಡುವುದಿಲ್ಲ, ದೀಪ ಕೂಡ ಎಣ್ಣೆಯದೇ ಎಂದು ದೀಪಾಲಿ ಹೇಳಿದಳು. ಆ ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡು, "ನೀವು ದಿನಾ ಸ್ನಾನ ಮಾಡುವವರಾ?" ಎಂದಳು.

"ಎರಡು ಸಲ" ಎಂದು ದೀಪಾಲಿಯ ಬಾಯಿಂದ ಬಂದುಹೋಯಿತು.

ಆ ಹೆಂಗಸು ಬೇಸರವಿಲ್ಲದೆ ವಿವರಿಸಿದಳು. ನೀರು ಟ್ಯಾಂಕರಿನಲ್ಲಿ ಬರುತ್ತದೆ. ಟ್ಯಾಂಕರು ತಪ್ಪಿದ ವಾರ ಮನೆಯ ಹೆಂಗಸರೇ ಹೊತ್ತು ತರುತ್ತಾರೆ. ಅತಿಥಿಗಳಿಗೆ ಕೊಡುವುದಿಲ್ಲ ಎನ್ನಲು ಆಗುವುದಿಲ್ಲ. ಕೊಟ್ಟ ಮೇಲೆ ಉಳಿದದ್ದು ತಮಗೆ. "ಬನ್ನಿ, ಸಂತೋಷ" ಎಂದಳು ಕೊನೆಗೆ.

ಫೋನ್ ಇಟ್ಟ ಮೇಲೆ ದೀಪಾಲಿ ಶೆಡ್ಡಿನ ಹೊರಗೆ ಮಳೆ ನೋಡುತ್ತ ನಿಂತಳು. ಸಂಜೆ ಬಂದ ಬೊಮ್ಮುವಿಗೆ, "ಹೋಗುವುದು ಬೇಡ. ನಮ್ಮ ಲಗ್ನಕ್ಕೆ ಬೇರೆಯವರು ನೀರು ಹೊರುವುದು ನನಗೆ ಬೇಡ" ಎಂದಳು. ಇಷ್ಟು ದಿನ ಓದಿದ್ದರಲ್ಲಿ ಹುಳುಗಳಿದ್ದವು, ಜನ ಇರಲಿಲ್ಲ. ಅದಕ್ಕೆ ಅವಳಿಗೆ ನಾಚಿಕೆಯಾಗಿತ್ತು.

ಬೊಮ್ಮು ಕೇಳಿದ: "ರೈಲು ನಾವು ಹೋಗದಿದ್ರೂ ಹೋಗ್ತದಲ್ಲ?"

"ಹೋಗ್ತದೆ."

"ಹಂಗಾದ್ರೆ ನೀರನ್ನ ನಾವೇ ತಕಂಡು ಹೋಗುವ. ನಮ್ಮ ಬಾವೀದು."

ದೀಪಾಲಿ ತಪ್ಪು ಹುಡುಕಿದಳು. ಸಿಗಲಿಲ್ಲ.

ಚಳಿಗಾಲದ ಒಂದು ಬೆಳಿಗ್ಗೆ ಬೊಮ್ಮು ಮನೆಯ ಹಿತ್ತಲಿನಲ್ಲಿ ಕೂತು ಮುಚ್ಚಳವಿರುವ ಸ್ಟೀಲಿನ ಹಾಲಿನ ಕ್ಯಾನುಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದ. ಅವನ ತಾಯಿ ಹೊನ್ನಿ ಗದ್ದೆಯಿಂದ ಬಂದವಳು ನಿಂತು ನೋಡಿದಳು. ಮಗ ಹುಟ್ಟಿದಾಗಿನಿಂದ ಪಾತ್ರೆ ತಿಕ್ಕಿದ್ದನ್ನು ಅವಳು ಕಂಡಿರಲಿಲ್ಲ.

"ಯಾಕಾ ತಮಾ?"

ಬೊಮ್ಮುವಿಗೆ ತಾಯಿಯ ಮುಂದೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಓಡಿ ಹೋಗೂಕೆ" ಎಂದ.

"ಯಾರ ಸಂಗ್ತಿಗೆ?"

"ದೀಪಾಲಿ ಅಂತ. ಶಿರವಾಡದವಳು."

"ಓಡಿ ಹೋಗೂರು ನೀರು ಹೊತ್ಕಂಡು ಹೋಗ್ತ್ರಾ?"

ಅವನು ಎಲ್ಲವನ್ನೂ ಹೇಳಿದ. ಮರುಭೂಮಿ, ಟ್ಯಾಂಕರು, ಬಾಳೆಹಣ್ಣಿನ ಸಿಪ್ಪೆ. ಹೊನ್ನಿ ತಲೆಯ ಮೇಲಿನ ಹುಲ್ಲಿನ ಹೊರೆ ಇಳಿಸದೆಯೇ ಕೇಳಿದಳು. ಗಂಡ ತೀರಿಕೊಂಡ ಮೇಲೆ ಮಗನ ಲಗ್ನ ಹೀಗಾಗಬೇಕು, ಹಾಗಾಗಬೇಕು ಎಂದು ಅವಳು ಬಹಳ ಯೋಚಿಸಿದ್ದಳು. ಆ ಯೋಚನೆಯಲ್ಲಿ ಇದು ಯಾವುದೂ ಬಂದಿರಲಿಲ್ಲ.

"ಅಷ್ಟು ನೀರು ನಿಮ್ಮಿಬ್ಬರಿಂದ ಎತ್ತೂಕೆ ಆಗೂದಿಲ್ಲ" ಎಂದಳು ಕೊನೆಗೆ. "ನಾನೂ ಬತ್ತೆ."

"ಅವ್ವಿ, ಓಡಿ ಹೋಗೂದು ಅಂದ್ರೆ..."

"ಗೊತ್ತದೆ. ನಾನೇನು ಅಡ್ಡ ಬರೂದಿಲ್ಲ. ಕೂತ್ಕಂಡಿರ್ತೆ."

ಹೊರಡುವ ದಿನವನ್ನು ದೀಪಾಲಿ ಲೆಕ್ಕ ಹಾಕಿಯೇ ಇಟ್ಟಿದ್ದಳು. ಕಾರವಾರದ ರೈಲು ನಿಲ್ದಾಣ ಇರುವುದು ಶಿರವಾಡದಲ್ಲೇ. ಮಧುಕರ ಮಧ್ಯಾಹ್ನದ ಮೇಲೆ ಅದರ ಪ್ಲಾಟ್‌ಫಾರ್ಮಿನಲ್ಲಿ ವಾಕಿಂಗ್ ಮಾಡುತ್ತಿದ್ದರು. ನೆರಳಿದೆ, ನೆಲ ಸಮ ಇದೆ ಎನ್ನುವುದು ಅವರ ಕಾರಣ. ಆ ದಿನ ಮಾತ್ರ ಅವರು ಕಣ್ಣಿನ ಡಾಕ್ಟರ ಬಳಿ ಹೋಗುವುದಿತ್ತು. ಡಾಕ್ಟರು ರಜೆಯಲ್ಲಿದ್ದರು. ಮಧುಕರ ಎಂದಿನಂತೆ ಪ್ಲಾಟ್‌ಫಾರ್ಮಿಗೆ ಬಂದರು.

ರೈಲು ನಿಂತಿತ್ತು. ಬೋಗಿಯೊಂದರ ಬಾಗಿಲಲ್ಲಿ ಕುತ್ತಿಗೆ ತುಂಬ ಮಣಿಸರ ಹಾಕಿದ ಹೆಂಗಸೊಬ್ಬಳು ದೊಡ್ಡ ಕ್ಯಾನು ಎತ್ತಲಾರದೆ ಒದ್ದಾಡುತ್ತಿದ್ದಳು. ಮಧುಕರ ಸಜ್ಜನರು. "ಬಿಡಿ ಬಾಯಿ, ನಾ ಎತ್ತತೇನೆ" ಎಂದು ಕ್ಯಾನು ಎತ್ತಿ ಒಳಗಿಟ್ಟರು. ದಾರಿಗೆ ಅಡ್ಡವಾಗುತ್ತದೆಂದು ಅದನ್ನು ಹೊತ್ತುಕೊಂಡು ಅವಳ ಸೀಟಿನವರೆಗೆ ಹೋದರು. ಅಲ್ಲಿ ಅವರ ಮಗಳು ಇನ್ನೊಂದು ಕ್ಯಾನನ್ನು ಸೀಟಿನ ಕೆಳಗೆ ತಳ್ಳುತ್ತಿದ್ದಳು.

ಯಾರೂ ಮಾತಾಡುವ ಮೊದಲೇ ರೈಲು ಹೊರಟಿತು.

ಮಧುಕರ ಕ್ಯಾನು ಕೆಳಗಿಟ್ಟು ಹೊನ್ನಿಯ ಎದುರು ಕೂತರು. ಮೊದಲು ಅವರ ಬಾಯಿಂದ ಬಂದದ್ದು, "ನನ್ನ ಹತ್ತಿರ ಟಿಕೆಟಿಲ್ಲ" ಎಂಬ ಮಾತು. ಟಿಕೆಟಿಲ್ಲದೆ ಅವರು ಬಸ್ಸು ಕೂಡ ಹತ್ತಿದವರಲ್ಲ. ಎದ್ದು ಹೋಗಿ, ಟಿಸಿಯನ್ನು ತಾವೇ ಹುಡುಕಿ, ದಂಡ ಕಟ್ಟಿ ರಸೀದಿ ಹಿಡಿದು ಬಂದರು. ಅಷ್ಟರಲ್ಲಿ ರೈಲು ಕಾಳಿ ನದಿ ದಾಟಿತ್ತು.

"ನೀವು ಎಲ್ಲಿಗೆ?" ಎಂದು ಹೊನ್ನಿಯನ್ನು ಕೇಳಿದರು. ಮಗಳನ್ನು ಕೇಳುವ ಧೈರ್ಯ ಇನ್ನೂ ಬಂದಿರಲಿಲ್ಲ.

"ಮಗ ಓಡಿ ಹೋಗ್ತಾ ಇದ್ದ ಸಾಯೇಬ್ರೆ. ಒಬ್ಬನೇ ಹೋಗೂದು ಬ್ಯಾಡ ಅಂತ ಸಂಗ್ತಿಗೆ ಬಂದೆ."

"ಯಾರ ಜೊತೆ ಓಡಿಹೋಗ್ತಿದ್ದಾನೆ?"

ಹೊನ್ನಿ ದೀಪಾಲಿಯ ಕಡೆ ನೋಡಿದಳು. "ಈ ತಂಗಿ ಸಂಗ್ತಿಗೆ. ನೀವು ಇವಳಿಗೆ ಏನಾಗಬೇಕು?"

"ಅಪ್ಪ."

"ಹೌದಾ" ಎಂದಳು ಹೊನ್ನಿ. ಸೀಟಿನ ಮೇಲೆ ಹರಡಿದ್ದ ಗಂಟನ್ನು ಸರಿಸಿ, "ಸಮಾ ಕೂತ್ಕಳಿ" ಎಂದಳು.

ಮಧುಕರ ಕ್ಯಾನಿನ ಕಡೆ ಬೆರಳು ಮಾಡಿದರು. "ಇದರಲ್ಲಿ ಏನು?"

"ನೀರು ಪಪ್ಪಾ" ಎಂದಳು ದೀಪಾಲಿ. ಏಕೆಂದೂ ಹೇಳಿದಳು. ಬಂದರಿನಲ್ಲಿ ಅವರು ಅದಿರು ನೋಡಿದ್ದರು, ಡಾಂಬರು ನೋಡಿದ್ದರು, ಕಾಕಂಬಿ ನೋಡಿದ್ದರು. ಬಾವಿನೀರು ಸಾಗಿಸುವವರನ್ನು ನೋಡಿರಲಿಲ್ಲ. ಆದರೂ ಮಗಳ ಮಾತಿನಲ್ಲಿ ಕೊಂಕು ತೆಗೆಯಲು ಅವರಿಗೆ ಏನೂ ಸಿಗಲಿಲ್ಲ. ಅದರಿಂದ ಅವರಿಗೆ ಮತ್ತಷ್ಟು ಕಷ್ಟವಾಯಿತು.

"ಹೇಳಿ ಹೋಗಬಹುದಿತ್ತು" ಎಂದರು.

"ಹೇಳಿದ್ದೆ. ನೀವು ಸಾರು ಬಡಿಸಿಕೊಂಡ್ರಿ."

ಮಧುಕರ ಕಿಟಕಿಯ ಹೊರಗೆ ನೋಡಿದರು. ಬೊಮ್ಮು ಅಷ್ಟು ಹೊತ್ತೂ ಮೇಲಿನ ಬರ್ತಿನ ಸರಪಳಿ ಹಿಡಿದು ನಿಂತೇ ಇದ್ದ. ಕೂರಲು ಜಾಗವಿದ್ದರೂ ಅವನಿಗೆ ಅದು ಕಾಣಿಸಿರಲಿಲ್ಲ.

ಹೊನ್ನಿ ಡಬ್ಬಿ ತೆಗೆದಳು. ಅಕ್ಕಿರೊಟ್ಟಿ, ಸೆಟ್ಲಿ ಎನ್ನುವ ಒಣ ಸಿಗಡಿಯ ಚಟ್ನಿ. ಮೊದಲು ಮಧುಕರರ ಮುಂದೆ ಹಿಡಿದಳು. ಅವರು ಹಸಿವಿಲ್ಲ ಎಂದರು. ಅವಳು ಒತ್ತಾಯ ಮಾಡಲಿಲ್ಲ. ಡಬ್ಬಿಯನ್ನು ಅವರ ಪಕ್ಕದಲ್ಲೇ ತೆರೆದಿಟ್ಟು ತಾನು ತಿನ್ನತೊಡಗಿದಳು. ಕಾಣಕೋಣ ದಾಟುವಾಗ ಮಧುಕರ ಒಂದು ತುಂಡು ರೊಟ್ಟಿ ಮುರಿದರು. ಒಕ್ಕಲು ಮನೆಯ ಅಡುಗೆಯನ್ನು ಅವರು ಅದುವರೆಗೆ ತಿಂದಿರಲಿಲ್ಲ. ಆಮೇಲೆ ಇನ್ನೊಂದು ತುಂಡು ಮುರಿದರು.

"ಖಾರ ಆಯ್ತಾ ಬೀಗರೆ?" ಎಂದಳು ಹೊನ್ನಿ.

ಬೀಗರೆ ಎಂಬ ಮಾತಿಗೆ ದೀಪಾಲಿ ತಂದೆಯ ಮುಖ ನೋಡಿದಳು. ಮಧುಕರ ಬಾಯಲ್ಲಿದ್ದದ್ದನ್ನು ನುಂಗಿ, "ಸರಿ ಇದೆ" ಎಂದರು.

ಮಡಗಾಂವಿನಲ್ಲಿ ಅವರು ಇಳಿದರು. ಇಳಿಯುವ ಮೊದಲು ಬೊಮ್ಮುವಿನ ಹತ್ತಿರ ನಿಂತು, ಅವನ ಮುಖ ನೋಡದೆ, "ಬಿಸಿಲಲ್ಲಿ ಹೆಚ್ಚು ಹೊತ್ತು ನಿಲ್ಲಿಸಬೇಡ. ಅವಳಿಗೆ ತಲೆ ಸಿಡಿತದೆ" ಎಂದರು. ರೈಲು ಚಲಿಸುವಾಗ ಕಿಟಕಿಯ ಸರಳಿನ ಮೇಲಿದ್ದ ಮಗಳ ಬೆರಳುಗಳನ್ನು ಒಮ್ಮೆ ಮುಟ್ಟಿ ಕೈ ಹಿಂತೆಗೆದರು.

ಮದುವೆ ಒಂದು ಮರಳುದಿಬ್ಬದ ಅಂಚಿನಲ್ಲಿ, ಸೂರ್ಯ ಏರುವ ಮೊದಲೇ ಆಯಿತು. ಹಾರವಿಲ್ಲ, ವಾದ್ಯವಿಲ್ಲ. ಹೊನ್ನಿ ಸೆರಗಿನ ಗಂಟು ಬಿಚ್ಚಿ ಯಾರಿಗೂ ಹೇಳದೆ ತಂದಿದ್ದ ಕರಿಮಣಿ ಸರ ತೆಗೆದುಕೊಟ್ಟಳು. ಬೊಮ್ಮು ಕಟ್ಟುವಾಗ ದೀಪಾಲಿ ಅತ್ತಳು. ಪಪ್ಪನ ಬೆರಳು ನೆನಪಾಯಿತು ಎಂದು ಆಮೇಲೆ ಹೇಳಿದಳು. ಹೋಂಸ್ಟೇಯ ಹೆಂಗಸು ಅವರ ಕ್ಯಾನುಗಳನ್ನು ಮೊದಲು ಅನುಮಾನದಿಂದ ನೋಡಿ, ಒಂದು ಲೋಟ ಕುಡಿದು, ಸಿಹಿಯಿದೆ ಎಂದಳು. ಅವಳೂ ಹೊನ್ನಿಯೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದೆ ಮಧ್ಯಾಹ್ನವಿಡೀ ಸಜ್ಜೆ ಹಸನು ಮಾಡುತ್ತ ಕೂತರು. ಉಳಿದ ನೀರೆಲ್ಲ ಆ ಮನೆಗೇ ಆಯಿತು.

ಊರಿಗೆ ಮರಳಿದ ಮೇಲೆ ಅಂಕೋಲೆಯಲ್ಲಿ ನೋಂದಣಿ ಮಾಡಿಸಿದರು. ಮಧುಕರ ಸಾಕ್ಷಿಯ ಸಹಿ ಹಾಕಿದರು. ಹೀರಾ ಮಾತ್ರ ಬಹಳ ದಿನ ಮಗಳ ಫೋನ್ ಎತ್ತಲಿಲ್ಲ. ಹೋಳಿ ಹೊತ್ತಿನ ಶಿಗ್ಮೋ ಹಬ್ಬ ಕಳೆದ ಮೇಲೆ ಒಂದು ಭಾನುವಾರ ಗಂಡನ ಹಿಂದೆ ಬಸ್ಸಿಳಿದು ಅವರ್ಸಾದ ಮನೆಗೆ ಬಂದಳು. ದೀಪಾಲಿಯನ್ನು ಮಾತಾಡಿಸಲಿಲ್ಲ. ನೇರ ಅಡುಗೆಮನೆಗೆ ಹೋಗಿ ಹೊನ್ನಿ ಕುದಿಸುತ್ತಿದ್ದ ಬಂಗಡೆ ಮೀನಿನ ಸಾರು ನೋಡಿ, ಇದಕ್ಕೆ ಘಮಕ್ಕೆ ತೆಪ್ಪಲದ ಕಾಯಿ ಯಾಕೆ ಹಾಕಿಲ್ಲ ಎಂದು ಕೇಳಿದಳು. ಹುಳಿ ಬಿದ್ದ ಮೇಲೆ ತೆಪ್ಪಲ ಬೇಡ ಎಂದಳು ಹೊನ್ನಿ. ಬೇಕು ಎಂದಳು ಹೀರಾ. ಅವರ ವಾದ ರಸ್ತೆಗೆ ಕೇಳುತ್ತಿತ್ತು. ಜಗುಲಿಯಲ್ಲಿ ಕೂತಿದ್ದ ಮಧುಕರ ಮತ್ತು ಬೊಮ್ಮು, ಊಟ ತಡವಾಗುತ್ತದೆ ಎಂದುಕೊಂಡು ಗದ್ದೆ ನೋಡಲು ಹೋದರು.