ಎರಡು ವೃತ್ತಗಳ ಅಂತರ

ಇಪ್ಪತ್ತು ಪಿಕ್ಸೆಲ್ ಇದ್ದ ಅಂತರವನ್ನು ತ್ರ್ಯಂಬಕ ಇನ್ನೂರು ಮಾಡಿದ. ಪರದೆಯ ಮೇಲಿನ ಎರಡು ದುಂಡು ಫೋಟೋಗಳು ದೂರ ಸರಿದವು. ಸರಿದು, ಮುನಿಸಿಕೊಂಡ ಗಂಡಹೆಂಡಿರಂತೆ ಕಂಡವು. ಇದು ಇನ್ನೂ ಕೆಟ್ಟದಾಗಿತ್ತು.

ಒಂದು ಫೋಟೋ ಅವನ ಹೆಂಡತಿ ನೇತ್ರಾಳದು. ಇನ್ನೊಂದು ರವೀಂದ್ರನದು. ಇಬ್ಬರೂ ಹಳದೀಪುರದ ಒಂದೇ ಶಾಲೆಯಲ್ಲಿ ಕಲಿಸುವವರು. ರಜೆ ಬಂತೆಂದರೆ ಕಾಗಾಲಕ್ಕೆ ಹೋಗಿ ಗದ್ದೆ ಕೆಲಸದ ಹೆಂಗಸರ ಹಾಡು ರೆಕಾರ್ಡ್ ಮಾಡಿ ತರುತ್ತಿದ್ದರು. ಆ ಹಾಡುಗಳಿಗೊಂದು ವೆಬ್‌ಸೈಟ್ ಬೇಕೆಂದು ನೇತ್ರಾ ಕೇಳಿದಾಗ, ಕುಮಟೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ತ್ರ್ಯಂಬಕ ಉದಾರವಾಗಿ ಒಪ್ಪಿದ್ದ. ಪುಕ್ಕಟೆ ಸಿಕ್ಕ ಟೆಂಪ್ಲೇಟು ಮದುವೆಯ ಕರೆಯೋಲೆಗೆಂದು ಮಾಡಿದ್ದು. ನಡುವಿನ ಕೆಂಪು ಹೃದಯವನ್ನು ಮೊದಲೇ ಕಿತ್ತಿದ್ದ. ಆದರೂ ಪುಟ ಯಾರನ್ನೋ ಆಹ್ವಾನಿಸುತ್ತಲೇ ಇತ್ತು.

ಅಂಗಳದಲ್ಲಿ ಬೈಕು ನಿಂತಿತು.

"ಸರ್, ಸೈಟು ಎಂತ ಆತು?" ರವೀಂದ್ರ ಕಿಟಕಿಯಿಂದಲೇ ಕೇಳಿದ.

"ಆಗ್ತಾ ಇದೆ."

"ಕಾಗಾಲದ ಬಂಗಾರಿಯಮ್ಮನ ಹಾಡು ಮೇಲೆ ಬರ್ಲಿ. ನಮ್ಮ ಫೋಟೋ ಎಲ್ಲಿದ್ರೂ ಆತು."

ನಮ್ಮ.

ನೇತ್ರಾ ಚೀಲ ಹೆಗಲಿಗೇರಿಸಿ ಹೊರಬಂದಳು. "ಊಟ ಮುಚ್ಚಿಟ್ಟಿದ್ದೆ. ಬರೂದು ಸಂಜೆ ಆಗ್ತದೆ."

"ನಾನೂ ಬರ್ಲಾ?"

"ಹಾಡು ಕೇಳಿದ್ರೆ ನಿಮಗೆ ನಿದ್ದೆ ಬರ್ತದಲ್ಲ," ಎಂದು ನಕ್ಕಳು. ರವೀಂದ್ರ ನಗಲಿಲ್ಲ. ಆ ಸೌಜನ್ಯವೇ ಹೆಚ್ಚು ಚುಚ್ಚಿತು.

ಬೈಕಿನ ಸದ್ದು ಹೆದ್ದಾರಿಯಲ್ಲಿ ಕರಗಿದ ಮೇಲೆ ತ್ರ್ಯಂಬಕ ಪುಟದ ಅಂದಚೆಂದ ನಿರ್ಧರಿಸುವ ಸಿಎಸ್‌ಎಸ್ ಕಡತಕ್ಕೆ ಮರಳಿದ. ರವೀಂದ್ರನ ಫೋಟೋದ ಅಗಲ ಕುಗ್ಗಿಸಿದರೆ ರವೀಂದ್ರ ಇನ್ನೂ ಎಳೆಯವನಂತೆ ಕಂಡ. ಬಣ್ಣ ತೆಗೆದು ಬೂದಾಗಿಸಿದ. ತೀರಿಹೋದ ದೊಡ್ಡ ಮನುಷ್ಯನ ಗಾಂಭೀರ್ಯ ಬಂತು. ಕೊನೆಗೆ, ಕಾಣಿಸಬೇಡವೆಂದು ಒಂದೇ ಸಾಲು ಬರೆದ. ರವೀಂದ್ರ ಇಲ್ಲವಾದ. ತೆರವಾದ ಜಾಗಕ್ಕೆ ನೇತ್ರಾಳನ್ನು ಹಿಗ್ಗಿಸಿದ. ಎಷ್ಟೋ ದಿನಗಳ ಮೇಲೆ ಊಟ ರುಚಿಸಿತು.

ಸಂಜೆ ನೇತ್ರಾ ಅವನ ಹಿಂದೆ ಬಂದು ನಿಂತಳು.

"ರವೀಂದ್ರ ಎಲ್ಲಿ?"

"ಟೆಂಪ್ಲೇಟಿನ ತೊಂದರೆ. ಮೊಬೈಲಲ್ಲಿ ಇಬ್ಬರಿಗೆ ಜಾಗ ಸಾಲೂದಿಲ್ಲ."

"ಹೌದಾ." ಜಗಳವಾಡಲಿಲ್ಲ. "ಫೋಟೋ ತೆಗೆದವರು ಅಂತಾದ್ರೂ ಅವರ ಹೆಸರು ಹಾಕಿ."

"ಇದನ್ನ ಅವನು ತೆಗೆದದ್ದಾ?"

"ಮತ್ಯಾರು?"

ಅವಳು ಕಾಲು ತೊಳೆಯಲು ಹೋದಳು. ನೀರಿನ ಸದ್ದಿನೊಡನೆ ಅವನು ಕೇಳಿರದ ಹಾಡೊಂದರ ಗುನುಗು ಬಂತು.

ತ್ರ್ಯಂಬಕ ಪರದೆಗೆ ತಿರುಗಿದ. ಅಂಚಿನಿಂದ ಅಂಚಿಗೆ ತುಂಬಿದ ನೇತ್ರಾ ಎದುರಿಗಿದ್ದವನನ್ನು ನೋಡಿ ಬಾಯ್ತುಂಬ ನಗುತ್ತಿದ್ದಳು. ಅವನು ಕುರ್ಚಿಯನ್ನು ಎಡಕ್ಕೆ ಎಳೆದ. ಬಲಕ್ಕೆ ಎಳೆದ. ಎಲ್ಲಿ ಕೂತರೂ ಆ ಕಣ್ಣುಗಳು ಅವನನ್ನೇ ನೋಡುತ್ತಿದ್ದವು, ಅವನನ್ನು ರವೀಂದ್ರನೆಂದು ತಿಳಿದು.